ಬಂದೂಕಿನ ಪ್ರಶ್ನೆಗೆ ನನ್ನ ಉತ್ತರ

ಪೌರತ್ವದ ಇಂಟರ್‌ವ್ಯೂನಲ್ಲಿ ನಾನು ಮೊದಲ ಸಲ ಫೇಲಾದೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಯಾಕೆಂದರೆ ನನ್ನ ಕಾರು ಆ ಆಫೀಸಿನ ಪಾರ್ಕಿಂಗಿನಿಂದ ಹೊರಬೀಳುವ ಮುಂಚೆಯೇ ಸುದ್ದಿ ಹ್ಯೂಸ್ಟನ್ ಪಕ್ಕದ ನಮ್ಮೂರು ಮಿಸೌರಿ ಸಿಟಿಯ ಅರ್ಧ ಕನ್ನಡದವರಿಗೆ ಮುಟ್ಟಿತ್ತು. ಮುಟ್ಟಿಸಿದವರು ನನ್ನ ಯಜಮಾನರೇ. ಇಪ್ಪತ್ತಾರು ವರ್ಷ ಸಂಸಾರ ಮಾಡಿದರೂ ಯಾವ ಮಾತನ್ನು ವಾಟ್ಸಾಪಿಗೆ ಹಾಕಬೇಕು, ಯಾವುದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಬೇಕು ಎಂಬುದನ್ನು ಈ ಮನುಷ್ಯನಿಗೆ ಕಲಿಸಲು ನನ್ನಿಂದ ಆಗಿಲ್ಲ. ಇತಿಹಾಸದ ಪ್ರಶ್ನೆಗಳಿಗೆ ನಾನು ಸರಿಯಾಗಿಯೇ ಉತ್ತರ ಹೇಳಿದ್ದೆ. ಇಂಗ್ಲಿಷ್ ಓದಿದೆ, ಬರೆದೆ. ಫೇಲಾದದ್ದು ಬಂದೂಕಿನ ಪ್ರಶ್ನೆಯಲ್ಲಿ.

ಪೌರತ್ವದ ಫಾರ್ಮು ತುಂಬಿದವರಿಗೆ ಇದು ಗೊತ್ತಿರುತ್ತದೆ. ‘ನೀವು ಎಂದಾದರೂ ಹೀಗೆ ಮಾಡಿದ್ದೀರಾ, ಎಂದಾದರೂ ಹಾಗೆ ಮಾಡಿದ್ದೀರಾ’ ಎಂದು ಅದರಲ್ಲಿ ಉದ್ದನೆಯ ಪಟ್ಟಿಯಿದೆ. ಕಳ್ಳತನ, ಮೋಸ, ಕೊಲೆ, ಯಾರಿಗಾದರೂ ಚಿತ್ರಹಿಂಸೆ ಕೊಟ್ಟದ್ದು, ಆಯುಧದ ತರಬೇತಿ ಪಡೆದದ್ದು. ಎಲ್ಲಕ್ಕೂ ‘ನೋ’ ಅನ್ನಬೇಕು. ಕೊನೆಯಲ್ಲಿ ಕೆಲವು ಪ್ರಶ್ನೆಗಳು ಬೇರೆ ಥರದವು. ಈ ದೇಶದ ಸಂವಿಧಾನವನ್ನು ಒಪ್ಪುತ್ತೀರಾ? ಕಾನೂನು ಕೇಳಿದರೆ ದೇಶಕ್ಕಾಗಿ ಆಯುಧ ಹಿಡಿಯುತ್ತೀರಾ? ಆಯುಧವಿಲ್ಲದೆ ಸೈನ್ಯದಲ್ಲಿ ಸೇವೆ ಮಾಡುತ್ತೀರಾ? ಸೈನ್ಯದ ಹೊರಗೆ ದೇಶಕ್ಕೆ ಬೇಕಾದ ಕೆಲಸ ಮಾಡುತ್ತೀರಾ? ಇವುಗಳಿಗೆ ‘ಯೆಸ್’.

ನಮಗೆ ಇದನ್ನೆಲ್ಲ ಕಲಿಸಿದವರು ಪಕ್ಕದ ಬೀದಿಯ ಮೈಸೂರು ಅಂಕಲ್. ಅರವತ್ತು ದಾಟಿದ ಸಾಫ್ಟ್‌ವೇರ್ ಮನುಷ್ಯ. ಶನಿವಾರ ಬೆಳಗ್ಗೆ ಅವರ ಮನೆಯ ಹಾಲ್‌ನಲ್ಲಿ ಪೌರತ್ವದ ಕ್ಲಾಸು ನಡೆಯುತ್ತದೆ. ದೂರದ ಕಾಪೆಲ್, ಆಸ್ಟಿನ್ ಊರುಗಳಿಂದ ಲ್ಯಾಪ್‌ಟಾಪಿನಲ್ಲಿ ಸೇರುವವರೂ ಇದ್ದಾರೆ. ಕೋಡುಬಳೆ, ಕಾಫಿ, ಬಾಯಿಪಾಠ. ನಮ್ಮವರಿಗೆ ಬಾಯಿಪಾಠ ಮಾಡಲಾಗದ ವಿದ್ಯೆ ಭೂಮಿಯ ಮೇಲೆ ಇಲ್ಲ. ಅಂಕಲ್ ಒಂದು ಹೆಜ್ಜೆ ಮುಂದೆ ಹೋಗಿ, ಪ್ರಶ್ನೆ ಅರ್ಥವಾಗದಿದ್ದರೂ ಪಾಸಾಗುವ ಉಪಾಯ ಕಂಡುಹಿಡಿದಿದ್ದರು. ಜಪ ಮಾಡುವಾಗ ಹೆಬ್ಬೆರಳಿನಿಂದ ಬೆರಳ ಗೆಣ್ಣು ಎಣಿಸುತ್ತೇವಲ್ಲ, ಹಾಗೆಯೇ ಮೇಜಿನ ಕೆಳಗೆ ಎಣಿಸುತ್ತಾ ಹೋಗುವುದು. ಇಂತಿಷ್ಟು ಸುತ್ತು ಮುಗಿದು ಕಿರುಬೆರಳಿನ ತುದಿಗೆ ಬರುವವರೆಗೆ ‘ನೋ’. ಅಲ್ಲಿಂದ ಮುಂದೆ ‘ಯೆಸ್’.

"ನೋಡಿ, ಟೆನ್ಶನ್ ಆದ್ರೆ ಕಿವಿ ಕೇಳಿಸ್ದೇ ಇರಬಹುದು, ಬೆರಳು ಮೋಸ ಮಾಡಲ್ಲ" ಎಂದು ಅವರು ಹೇಳಿದ್ದರು. ಹನ್ನೊಂದು ಜನ ಈ ಉಪಾಯದಿಂದ ಪಾಸಾಗಿದ್ದರಂತೆ. ನಾನು ಹನ್ನೆರಡನೆಯವಳು.

ನನಗೆ ಇಂಗ್ಲಿಷ್ ಬರುವುದಿಲ್ಲವೇ? ಚೆನ್ನಾಗಿ ಬರುತ್ತದೆ. ಇಪ್ಪತ್ತು ವರ್ಷದಿಂದ ಈ ಹ್ಯೂಸ್ಟನ್‌ನಲ್ಲಿ ಮನೆಯಿಂದಲೇ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಮಾಡಿ ಆರ್ಡರ್ ಮೇಲೆ ಕೊಡುತ್ತೇನೆ. ಇನ್‌ಸ್ಪೆಕ್ಷನ್ನಿನವರ ಜೊತೆ, ಪ್ಲಂಬರುಗಳ ಜೊತೆ ಇಂಗ್ಲಿಷಿನಲ್ಲೇ ಜಗಳಾಡಿದ್ದೇನೆ. ಆದರೂ ಪರೀಕ್ಷೆ ಎಂದರೆ ನನ್ನ ಕೈಕಾಲು ಆಡುವುದಿಲ್ಲ. ಅದಕ್ಕೇ ಬುದ್ಧಿಯನ್ನು ಮನೆಯಲ್ಲಿ ಬಿಟ್ಟು ಬೆರಳನ್ನು ಕರೆದುಕೊಂಡು ಹೋದೆ.

ಎದುರಿಗೆ ಕೂತಿದ್ದ ಅಧಿಕಾರಿ ಚಿಕ್ಕ ವಯಸ್ಸಿನವನು, ಟೈಪ್ ಮಾಡುತ್ತಲೇ ಕೇಳುತ್ತಿದ್ದ. ಅವನೂ ಎಷ್ಟು ಜನರನ್ನು ಕೇಳಿದ್ದನೋ, ನನ್ನ ಮುಖ ನೋಡಿ ಐದಾರು ಪ್ರಶ್ನೆ ಹಾರಿಸಿಬಿಟ್ಟ. ಈಕೆ ಕೊಲೆ ಮಾಡಿರಲಿಕ್ಕಿಲ್ಲ ಅನಿಸಿರಬೇಕು. ಆಯುಧದ ತರಬೇತಿ ಪಡೆದಿದ್ದೀರಾ ಎಂದ. ನೋ. ಆಯುಧ ಹಿಡಿಯುತ್ತೀರಾ ಎಂದ. ಅವನು ಪ್ರಶ್ನೆ ಹಾರಿಸಿದ್ದರಿಂದ ನನ್ನ ಹೆಬ್ಬೆರಳು ಇನ್ನೂ ಉಂಗುರದ ಬೆರಳಿನಲ್ಲಿತ್ತು. ನೋ. ಆಯುಧವಿಲ್ಲದೆ ಸೈನ್ಯದಲ್ಲಿ ಸೇವೆ? ನೋ. ದೇಶಕ್ಕೆ ಬೇಕಾದ ಬೇರೆ ಕೆಲಸ? ನೋ.

ಅವನ ಟೈಪಿಂಗ್ ನಿಂತಿತು. "ಮ್ಯಾಮ್, ಫಾರ್ಮಿನಲ್ಲಿ ಈ ಮೂರಕ್ಕೂ ಯೆಸ್ ಎಂದು ಬರೆದಿದ್ದೀರಿ. ಆಯುಧ ಹಿಡಿಯುವುದು ಅಂದರೆ ಏನು, ನಿಮ್ಮ ಮಾತಿನಲ್ಲಿ ಹೇಳಿ ನೋಡೋಣ" ಎಂದು ಇಂಗ್ಲಿಷಿನಲ್ಲಿ ಕೇಳಿದ. ತಪ್ಪಾಯಿತು, ಯೆಸ್, ಯೆಸ್ ಎಂದಿದ್ದರೆ ಮುಗಿದುಹೋಗುತ್ತಿತ್ತು. ನಾಲಿಗೆ ಹೊರಳಲಿಲ್ಲ. ಎಡವಿ ಬಿದ್ದ ಮಾತೇ ನಿಜವಾಗಿತ್ತು ಎಂಬುದು ಆ ಕ್ಷಣದಲ್ಲಿ ಗೊತ್ತಾಯಿತು. ಬಂದೂಕು ಹಿಡಿದು ಇನ್ನೊಬ್ಬರ ಎದೆಗೆ ಗುರಿಯಿಡಲು ನನ್ನಿಂದ ಸಾಧ್ಯವಿಲ್ಲ. ಫಾರ್ಮಿನಲ್ಲಿ ಯೆಸ್ ಎಂದು ಟಿಕ್ ಮಾಡಿದವರು ಯಜಮಾನರು, ಸಹಿ ಮಾಡಿದವಳು ನಾನು. ಅವನು ಒಂದಿಷ್ಟು ಹೊತ್ತು ಕಾದು, ಒಂದು ಕಾಗದ ಕೊಟ್ಟು, ಇನ್ನೊಂದೇ ಒಂದು ಅವಕಾಶವಿದೆ, ಎರಡು ತಿಂಗಳಲ್ಲಿ ಮತ್ತೆ ಕರೆಯುತ್ತೇವೆ ಎಂದ.

ಆ ಪೌರತ್ವ ನನಗೆ ಯಾಕೆ ಬೇಕಾಗಿತ್ತು ಎಂಬುದನ್ನು ಹೇಳಬೇಕು. ಹದಿನೆಂಟು ವರ್ಷ ನನಗೆ ಅದರ ಗೊಡವೆಯೇ ಇರಲಿಲ್ಲ. ಯಜಮಾನರು ಎನರ್ಜಿ ಕಾರಿಡಾರ್ ಎನ್ನುವ ಬಡಾವಣೆಯ ಒಂದು ಎಣ್ಣೆ ಕಂಪನಿಯಲ್ಲಿ ಇಂಜಿನಿಯರು, ಯಾವತ್ತೋ ಪೌರತ್ವದ ಪ್ರಮಾಣ ಮಾಡಿ ಬಂದಿದ್ದರು. ಮಗಳು ಇಲ್ಲೇ ಹುಟ್ಟಿದವಳು. ನಾನೊಬ್ಬಳು ಗ್ರೀನ್ ಕಾರ್ಡ್ ಇಟ್ಟುಕೊಂಡು ಆರಾಮವಾಗಿದ್ದೆ. ಆಮೇಲೆ ದೂರದ ಒಂದು ದೇಶದ ಮೇಲೆ ಬಾಂಬು ಬೀಳತೊಡಗಿದ ವಾರ ಬಂತು. ಟಿವಿಯಲ್ಲಿ ಹಸಿರು ಬೆಳಕಿನಲ್ಲಿ ಊರುಗಳು ಉರಿಯುತ್ತಿದ್ದವು, ಕೋಟು ಹಾಕಿದವರು ಮೇಜು ಕುಟ್ಟುತ್ತಿದ್ದರು. ನಾನು ರೊಟ್ಟಿ ಬಡಿಯುತ್ತಾ ಆ ಕೋಟಿನವರಿಗೆ ಬೈಯುತ್ತಿದ್ದೆ. ಮಗಳು ಆಸ್ಟಿನ್‌ನಿಂದ ವಿಡಿಯೋ ಕಾಲಿನಲ್ಲಿದ್ದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ಇಂಗ್ಲಿಷಿನಲ್ಲಿ. "ಅಮ್ಮಾ, ಟಿವಿಗೆ ಬೈದು ಏನು ಉಪಯೋಗ? ನಿನಗೆ ವೋಟೇ ಇಲ್ಲ" ಎಂದುಬಿಟ್ಟಳು. ನನಗೆ ಮೈಯೆಲ್ಲ ಉರಿದುಹೋಯಿತು, ಅವಳು ಹೇಳಿದ್ದು ಸರಿಯಾಗಿದ್ದುದಕ್ಕೇ. ಯುದ್ಧ ಬೇಕೋ ಬೇಡವೋ ಎಂದು ಹೇಳುವವರನ್ನು ಆರಿಸುವ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಮರುದಿನವೇ ಫಾರ್ಮು ತರಿಸಿದೆ.

ಫೇಲಾದ ಮೊದಲ ಶನಿವಾರ ಕ್ಲಾಸಿಗೆ ಹೋದಾಗ ಎಲ್ಲರೂ ಸಾವಿನ ಮನೆಯಲ್ಲಿ ಮಾತಾಡುವ ಹಾಗೆ ಮೆಲ್ಲಗೆ ಮಾತಾಡಿಸಿದರು. ಅಂಕಲ್ ಮಾತ್ರ ತಮ್ಮ ಉಪಾಯವನ್ನು ಬಿಟ್ಟುಕೊಡಲಿಲ್ಲ.

"ಅಲ್ಲಮ್ಮಾ, ಎಣಿಸೋದ್ರಲ್ಲಿ ತಪ್ಪಾಗಿದೆ ಅಷ್ಟೆ. ಅದರಲ್ಲೂ ನಿಮಗೇ ಹೀಗಾಗೋದಾ? ವೀರಯೋಧನ ಮಗಳು ನೀವು! ಬಂದೂಕು ಅಂದ ತಕ್ಷಣ ಯೆಸ್ ಅಂತ ಎದ್ದು ನಿಲ್ಲಬೇಕಾಗಿತ್ತು!"

"ಎಣಿಸೋದು ಬಿಡ್ರಿ ಅಂಕಲ್. ಖರೇನ ಹಿಡೀತೀನೋ ಇಲ್ಲೋ ಅನ್ನೋದು ವಿಚಾರ ಮಾಡಬೇಕಲ್ರಿ."

"ಅಯ್ಯೋ, ಅದೆಲ್ಲಾ ಫಾರ್ಮಾಲಿಟಿ ಕಣಮ್ಮಾ!"

ಈ ಅಂಕಲ್ ಒಳ್ಳೆಯವರು, ಯಾರಿಗೆ ಏನು ಕಷ್ಟವಾದರೂ ಮೊದಲು ಓಡುವವರು. ಆದರೆ ಎಲ್ಲಿಯಾದರೂ ಯುದ್ಧದ ವಾಸನೆ ಬಂತೆಂದರೆ ಅವರ ಫೋನು ನಿಲ್ಲುವುದಿಲ್ಲ. ಭಾರತದ ಗಡಿಯಲ್ಲಿ ಗದ್ದಲವಾದಾಗ ‘ಒಂದೇ ಏಟಿಗೆ ಮುಗಿಸಬೇಕು’ ಎಂದು ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು, ಜೊತೆಗೆ ಹತ್ತು ಬಾವುಟ. ಈಗ ಅಮೆರಿಕದವರು ಬಾಂಬು ಹಾಕಿದಾಗಲೂ ಅದೇ ಮಾತು, ಬಾವುಟ ಮಾತ್ರ ಬೇರೆ. ಸೋಫಾದ ಮೇಲೆ ಕಾಲು ಚಾಚಿಕೊಂಡೇ ಮೂರು ಯುದ್ಧ ಗೆದ್ದಿದ್ದಾರೆ.

ಅದೇ ಶನಿವಾರ ಅವರ ಹೆಂಡತಿ ಟಪಾಲು ತಂದು ಮೇಜಿನ ಮೇಲಿಟ್ಟರು. ಮಗನ ಹೆಸರಿಗೆ ಸರ್ಕಾರದ ಒಂದು ಕವರು. ಹಿಂದಿನ ತಿಂಗಳಷ್ಟೇ ಹದಿನೆಂಟು ತುಂಬಿತ್ತು ಅವನಿಗೆ. ಅಂಕಲ್ ಒಡೆದು ಓದಿದರು, ಇನ್ನೊಮ್ಮೆ ಓದಿದರು, ಕನ್ನಡಕ ತೆಗೆದು ಒರೆಸಿಕೊಂಡರು. ಮುಂದೆ ಎಂದಾದರೂ ಸರ್ಕಾರ ಕಡ್ಡಾಯವಾಗಿ ಸೈನ್ಯಕ್ಕೆ ಜನರನ್ನು ಕರೆಯುವುದಾದರೆ ಯಾರನ್ನು ಕರೆಯಬಹುದು ಎಂಬ ಪಟ್ಟಿಗೆ ಹುಡುಗನ ಹೆಸರು ಸೇರಿತ್ತು. ಇಲ್ಲಿ ಗಂಡುಹುಡುಗರೆಲ್ಲರೂ ಸೇರಲೇಬೇಕಾದ ಪಟ್ಟಿ ಅದು. ಈಗ ಯಾರನ್ನೂ ಕರೆಯುತ್ತಿಲ್ಲ, ಎಷ್ಟೋ ವರ್ಷಗಳಿಂದ ಕರೆದಿಲ್ಲ. ಹೆಸರು ಬರೆದಿಟ್ಟುಕೊಳ್ಳುವುದು, ಅಷ್ಟೇ.

"ಇದು ಹೇಗೆ ಹೋಯ್ತು? ಯಾರು ಕೊಟ್ರು ಇವನ ಹೆಸರನ್ನ?" ಅಂಕಲ್ ದನಿ ನಡುಗುತ್ತಿತ್ತು. ಹುಡುಗ ಮೆಟ್ಟಿಲ ಮೇಲಿಂದಲೇ, ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಅದರಲ್ಲೇ ಬರೆದಿತ್ತಲ್ಲ ಅಪ್ಪಾ, ಸಹಿ ಮಾಡು ಅಂದವನು ನೀನೇ ಎಂದು ಇಂಗ್ಲಿಷಿನಲ್ಲಿ ಹೇಳಿ ಮೇಲೆ ಹೋದ.

"ಇದನ್ನ ಕ್ಯಾನ್ಸಲ್ ಮಾಡಿಸಕ್ಕೆ ಆಗಲ್ವಾ? ಇವನಿಗೆ ಧೂಳು ಕಂಡರೆ ಆಗಲ್ಲ, ಚಿಕ್ಕಂದಿನಿಂದ ಅಸ್ತಮಾ. ಯುದ್ಧ ಅಂದ್ರೆ ಏನು ತಮಾಷೆನಾ?"

ಅಲ್ಲಿಯವರೆಗೆ ತಡೆದುಕೊಂಡಿದ್ದ ನನ್ನ ಸಿಟ್ಟು ಕಟ್ಟೆ ಒಡೆಯಿತು. "ನಿನ್ನೆ ರಾತ್ರಿ ತನಕ ತಮಾಷಿನ ಇತ್ತಲ್ರೀ ಅಂಕಲ್! ಮುಗಿಸ್ರಿ, ಹೊಡೀರಿ ಅಂತ ಗ್ರೂಪಿನ್ಯಾಗ ಕೂಗ್ತಿದ್ರಿ. ಯಾರ ಮಕ್ಕಳು ಹೋಗಿ ಹೊಡೀಬೇಕಾಗಿತ್ತು? ನಿಮ್ಮ ಮನಿ ಬಾಗಿಲಿಗೆ ಬರೇ ಒಂದು ಕಾಗದ ಬಂದದ. ಒಂದು ಕಾಗದಕ್ಕ ಹಿಂಗ ನಡುಗಿದ್ರ ಹೆಂಗ್ರಿ?"

ಲ್ಯಾಪ್‌ಟಾಪಿನಲ್ಲಿದ್ದ ಕಾಪೆಲ್‌ನವರು ನೆಟ್‌ವರ್ಕ್ ಹೋಯಿತೇನೋ ಎಂದು ‘ಹಲೋ, ಹಲೋ’ ಅನ್ನತೊಡಗಿದರು. ಅಂಕಲ್ ಕವರನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು. ಅವರ ಮುಖ ನೋಡಿ ನನಗೆ ಅಯ್ಯೋ ಅನಿಸಿತು. ಅಪ್ಪ ಅನ್ನಿಸಿಕೊಂಡ ಯಾವ ಮನುಷ್ಯ ನಡುಗುವುದಿಲ್ಲ? ಜೊತೆಗೆ ನನಗೆ ಅವರನ್ನು ಹೀಯಾಳಿಸುವ ಯೋಗ್ಯತೆಯೂ ಇರಲಿಲ್ಲ. ‘ವೀರಯೋಧನ ಮಗಳು’ ಎಂದು ಅವರು ಪ್ರತಿ ಸಲ ಹೇಳುವಾಗ ತಲೆಯಾಡಿಸುತ್ತಾ ಬಂದವಳು ನಾನು. ಅದು ಸುಳ್ಳಾಗಿತ್ತು.

ಆ ಭಾನುವಾರ ಒಂದು ಡಬ್ಬಿ ರೊಟ್ಟಿ, ಒಂದು ಡಬ್ಬಿ ಎಣ್ಣೆಗಾಯಿ ಕಟ್ಟಿಕೊಂಡು ಒಬ್ಬಳೇ ಆಸ್ಟಿನ್‌ಗೆ ಡ್ರೈವ್ ಮಾಡಿದೆ. ಮಗಳಿಗೆ ಆಶ್ಚರ್ಯ. ಯಾವತ್ತೂ ಯಜಮಾನರ ಪಕ್ಕದಲ್ಲಿ ಕೂತು, ಬ್ರೇಕು ಒತ್ತಿರಿ ಬ್ರೇಕು ಎಂದು ಬಾಯಿ ಬಡಿದುಕೊಳ್ಳುತ್ತಾ ಬರುವವಳು ನಾನು. ಅವಳ ಪುಟ್ಟ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕೂತು ಉಂಡೆವು. ಅಂಕಲ್ ಮಗನಿಗೆ ಬಂದಂಥ ಕಾಗದ ಅವಳ ಗೆಳೆಯರಿಗೂ ಬಂದಿದೆಯಂತೆ, ಯುದ್ಧ ದೊಡ್ಡದಾದರೆ ನಮ್ಮನ್ನು ಕರೆಯುತ್ತಾರೆ ಎಂದು ಕೆಲವರು ನಿದ್ದೆಗೆಟ್ಟಿದ್ದಾರಂತೆ. ಹುಡುಗಿಯರ ಹೆಸರು ಆ ಪಟ್ಟಿಗೆ ಸೇರುವುದಿಲ್ಲ. "ನನಗೆ ಅದು ಸಮಾಧಾನವೂ ಹೌದು, ಅವಮಾನವೂ ಹೌದು" ಎಂದಳು. ಆಮೇಲೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ಅಮ್ಮಾ, ನಿಜವಾಗಿ ಕೇಳಿದರೆ ನೀನು ಏನು ಹೇಳುತ್ತೀಯ? ಅಜ್ಜ ಗನ್ನರ್ ಆಗಿದ್ದರಲ್ಲ. ಅವರ ಮಗಳು ಆಯುಧ ಹಿಡಿಯುತ್ತಾಳಾ?"

ನಾನು ಹೇಳಿಬಿಟ್ಟೆ. ನಿಮ್ಮ ಅಜ್ಜ ತೋಪು ಹಾರಿಸಿದವರಲ್ಲ. ಅಡುಗೆಯವರು.

ನನ್ನ ಅಪ್ಪ ಬೆಳಗಾವಿಯ ಹತ್ತಿರದ ಒಂದು ಹಳ್ಳಿಯಿಂದ ಸೈನ್ಯಕ್ಕೆ ಸೇರಿದವರು. ನಮ್ಮ ಕಡೆ ಮನೆಗೊಬ್ಬ ಸೈನಿಕ ಇರುವ ಊರುಗಳಿವೆ. ರಜೆಗೆ ಬಂದವರು ಟ್ರಂಕು ಹೊತ್ತು ಬಸ್ಸಿನಿಂದ ಇಳಿದರೆ ಊರೇ ಕಟ್ಟೆಗೆ ಬಂದು ಕೂರುತ್ತಿತ್ತು, ಎಷ್ಟು ಮಂದಿಯನ್ನು ಹೊಡೆದೆ ಎಂದು ಕೇಳಲು. ನಾನು ಹುಟ್ಟುವ ಮುಂಚೆ ನಡೆದ ಒಂದು ಯುದ್ಧದಲ್ಲಿ ಅಪ್ಪನೂ ಇದ್ದರು. ಗಡಿಯ ಮುಂಚೂಣಿಯಲ್ಲೇ ಇದ್ದರು. ಸೌಟು ಹಿಡಿದುಕೊಂಡಿದ್ದರು.

ನಾನು ಆರನೇ ಇಯತ್ತೆಯಲ್ಲಿದ್ದಾಗ ಹೆಡ್‌ಮಾಸ್ತರರು ಸ್ವಾತಂತ್ರ್ಯದ ದಿನ ಅಪ್ಪನನ್ನು ಶಾಲೆಗೆ ಕರೆದರು, ಯುದ್ಧದ ಅನುಭವ ಹೇಳಲು. ಅಪ್ಪ ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ ನಿಂತರು. ಗುಂಡಿನ ಕಥೆ ಬರುತ್ತದೆ ಎಂದು ನಾವೆಲ್ಲ ಕಾದಿದ್ದೆವು. ಅಪ್ಪ ಹೇಳಿದ್ದು, ಹೊಗೆ ಏಳದ ಹಾಗೆ ನಾಲ್ಕುನೂರು ಜನರಿಗೆ ಪೂರಿ ಕರಿಯುವುದು ಹೇಗೆ ಎಂದು. ಹೊಗೆ ಕಂಡರೆ ವೈರಿಗೆ ಜಾಗ ಗೊತ್ತಾಗುತ್ತದೆ. ಅದಕ್ಕೆ ಕಟ್ಟಿಗೆ ಯಾವುದಿರಬೇಕು, ಒಲೆಯ ಬಾಯಿ ಯಾವ ಕಡೆಗಿರಬೇಕು, ಬಿಸಿ ಆರದಂತೆ ಅರಿವೆಯಲ್ಲಿ ಹೇಗೆ ಸುತ್ತಿ, ತೆವಳಿಕೊಂಡು ಹೋಗಿ ತಗ್ಗಿನಲ್ಲಿದ್ದ ಹುಡುಗರಿಗೆ ಮುಟ್ಟಿಸಬೇಕು. ಬಹಳ ಮನಸ್ಸಿಟ್ಟು ಹೇಳಿದರು. ಹಿಂದಿನ ಬೆಂಚಿನಿಂದ ಒಬ್ಬ ಕಿಸಕ್ಕೆಂದ. ಆಮೇಲೆ ಇಡೀ ಶಾಲೆ ನಕ್ಕಿತು, ಮಾಸ್ತರರು ಕೂಡ. ಅಪ್ಪ ಜೈಹಿಂದ್ ಎಂದು ಇಳಿದು ಹೋದರು. ಮನೆಗೆ ಹೋಗುವಾಗ ನಾನು ಅವರ ಜೊತೆ ಹೋಗಲಿಲ್ಲ. ಬೇರೆ ದಾರಿ ಹಿಡಿದೆ. ಹೈಸ್ಕೂಲಿಗೆ ಬೇರೆ ಊರಿಗೆ ಹೋದಾಗ, ನಮ್ಮಪ್ಪ ತೋಪು ಹಾರಿಸುವವರು ಎಂದೆ. ಯಜಮಾನರು ಹುಬ್ಬಳ್ಳಿಯಿಂದ ನನ್ನನ್ನು ನೋಡಲು ಬಂದಾಗಲೂ ಅದನ್ನೇ ಹೇಳಿದೆ. ಪಕ್ಕದ ಕೋಣೆಯಲ್ಲಿ ಕೂತಿದ್ದ ಅಪ್ಪನಿಗೆ ಅದು ಕೇಳಿಸಿತೋ ಇಲ್ಲವೋ, ನಾನು ಕೇಳಲಿಲ್ಲ. ಅವರು ತೀರಿಕೊಂಡು ಹನ್ನೊಂದು ವರ್ಷವಾಯಿತು.

ಹೇಳುತ್ತಾ ಹೇಳುತ್ತಾ ನಾನು ಅಳುತ್ತಿದ್ದೆ. ಮಗಳು ನಗಲಿಲ್ಲ. "ನಾಲ್ಕುನೂರು ಜನಕ್ಕಾ? ಎಷ್ಟು ಜನ ಸೇರಿ ಮಾಡುತ್ತಿದ್ದರು?" ಎಂದು ಕೇಳಿದಳು. ಯಾರೂ ಕೇಳಿರದ ಪ್ರಶ್ನೆ ಅದು. ಐದು ಜನ ಎಂದೆ. ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿ, ಇನ್ನೊಂದು ಕೇಳಿದಳು.

"ಹಾಗಾದರೆ ಆ ಆಫೀಸಿನಲ್ಲಿ ಎರಡನೇ ಪ್ರಶ್ನೆಗೆ ಯಾಕೆ ನೋ ಅಂದೆ? ಆಯುಧವಿಲ್ಲದೆ ಸೈನ್ಯದಲ್ಲಿ ಸೇವೆ. ಅದು ಅಜ್ಜನ ಕೆಲಸ ಅಲ್ವಾ?"

ಬೆರಳೆಣಿಕೆಯ ಭರದಲ್ಲಿ ಒಂದು ಸರ್ಕಾರದ ಮುಂದೆ ಕೂತು ನಾನು ಅಪ್ಪನ ಕೆಲಸವನ್ನು ಬೇಡ ಎಂದು ಬಂದಿದ್ದೆ. ಶಾಲೆಯಿಂದ ಬೇರೆ ದಾರಿ ಹಿಡಿದ ಹಾಗೆಯೇ.

ಲ್ಯಾಪ್‌ಟಾಪು ತೆರೆದು ಅವಳೇ ಹುಡುಕಿದಳು. ಧರ್ಮದ ನಂಬಿಕೆಯಿಂದ ಆಯುಧ ಹಿಡಿಯಲಾಗದವರು ಅದನ್ನು ಹೇಳಿಕೊಳ್ಳಬಹುದು, ಒಪ್ಪಿದರೆ ಪ್ರಮಾಣವಚನದಿಂದ ಆ ಒಂದು ಸಾಲು ಬಿಡುತ್ತಾರೆ. ಒಪ್ಪದಿದ್ದರೆ ಪೌರತ್ವವಿಲ್ಲ. ಸುಲಭಕ್ಕಾಗಿ ಧರ್ಮದ ನೆಪ ಹೇಳುತ್ತಿದ್ದೇನೆಯೇ ಎಂದು ವಾಪಸು ಬರುವ ದಾರಿಯುದ್ದಕ್ಕೂ ನನ್ನನ್ನೇ ಕೇಳಿಕೊಂಡೆ. ಎಂಟು ವರ್ಷದವಳಿದ್ದಾಗ ನನ್ನ ಕೊರಳಿಗೆ ಲಿಂಗ ಕಟ್ಟಿದರು. ನಿನ್ನ ಅಂಗೈಯಲ್ಲಿ ಇರುವವನೇ ಎದುರಿನವರ ಒಳಗೂ ಇದ್ದಾನೆ ಎಂದು ಗುರುಗಳು ಹೇಳಿದ್ದನ್ನು ನಾನು ಹುಡುಗುತನದಲ್ಲಿ ಎಷ್ಟು ನಂಬಿದ್ದೆನೆಂದರೆ ಜಗಳಗಂಟಿ ಮೇಕೆಗೂ ನಮಸ್ಕಾರ ಮಾಡುತ್ತಿದ್ದೆ. ಮೇಕೆಯನ್ನು ಬಿಟ್ಟಿದ್ದೇನೆ, ನಂಬಿಕೆಯನ್ನು ಬಿಟ್ಟಿಲ್ಲ. ನನ್ನ ಬಾಯಿ ಜೋರು, ಕೈ ಯಾರ ಮೇಲೂ ಏಳುವುದಿಲ್ಲ. ನೆಪವಲ್ಲ ಎಂದು ಖಾತ್ರಿಯಾಯಿತು.

ಯಜಮಾನರಿಗೆ ಹೇಳಿದ್ದು ಎರಡನೇ ಕಷ್ಟ. "ಮಾವನವರು ತೋಪಿನವರಲ್ಲಾ?" ಎಂದು ಅವರು ಕುರ್ಚಿ ಬಿಟ್ಟು ಎದ್ದರು. "ಅಲ್ಲಲೇ, ಇಪ್ಪತ್ತಾರು ವರ್ಷದಿಂದ ನಾ ಮಂದಿ ಮುಂದ ಎದಿ ಉಬ್ಬಿಸಿ ಹೇಳೀನಲ್ಲ! ಅವರು ಯಾವ ತೋಪು ಹಾರಿಸ್ತಿದ್ರು, ಎಷ್ಟು ದೂರ ಹೋಗ್ತಿತ್ತು, ಎಲ್ಲಾ ಹೇಳೀನಿ!"

"ಅದನ್ನ ನಿಮಗ ಯಾರು ಹೇಳಿದ್ರು? ನಾ ಏನ್ ಅಷ್ಟು ಹೇಳಿಲ್ರಿ."

"ಯೂಟ್ಯೂಬ್ ನೋಡಿ ಹೇಳ್ತಿದ್ದೆ."

ನನಗೆ ಸಿಟ್ಟು ಬರಬೇಕಾದ ಜಾಗದಲ್ಲಿ ನಗು ಬಂತು. ಅವರೂ ನಕ್ಕರು. ಆದರೆ ಇಂಟರ್‌ವ್ಯೂ ವಿಷಯಕ್ಕೆ ಬಂದಾಗ ನಗು ನಿಂತಿತು. "ನೋಡು, ಇದು ಕೊನೇ ಅವಕಾಶ. ಸುಮ್ಮ ಯೆಸ್ ಅಂದು ಬಾ. ಐವತ್ತಮೂರು ವರ್ಷದಾಕಿ ಕೈಯಾಗ ಯಾರು ಬಂದೂಕು ಕೊಡ್ತಾರ? ಒಂದು ಪದಕ್ಕ ಎಲ್ಲಾ ಕಳಕೋಬ್ಯಾಡ" ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಒಂದು ಸುಳ್ಳನ್ನು ನಲವತ್ತು ವರ್ಷ ಹೊತ್ತು ಬೆನ್ನು ನೋಯಿಸಿಕೊಂಡವಳಿಗೆ ಇನ್ನೊಂದನ್ನು ಹೊರುವ ಮನಸ್ಸಾಗಲಿಲ್ಲ.

ಎರಡನೇ ಸಲ ಎದುರಿಗಿದ್ದವರು ನನ್ನ ವಯಸ್ಸಿನ ಹೆಂಗಸು. ನಾನು ಎರಡೂ ಕೈಗಳನ್ನು ಮೇಜಿನ ಮೇಲೆಯೇ ಇಟ್ಟುಕೊಂಡೆ. ಆಯುಧ ಹಿಡಿಯುತ್ತೀರಾ ಎಂದು ಕೇಳಿದಾಗ, ಇಲ್ಲ, ಇದಕ್ಕೆ ಫಾರ್ಮಿನಲ್ಲಿ ಹೌದು ಎಂದಿದೆ, ಅದು ತಪ್ಪು, ನನ್ನದೇ ತಪ್ಪು ಎಂದೆ. ನನ್ನ ಧರ್ಮ, ಕೊರಳಿನ ಲಿಂಗ, ಅದು ಯಾಕೆ ನನ್ನ ಕೈ ತಡೆಯುತ್ತದೆ, ಎಲ್ಲವನ್ನೂ ನನ್ನ ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಮುಖದಲ್ಲಿ ಏನನ್ನೂ ತೋರಿಸದೆ ಬರೆದುಕೊಂಡರು. ಎರಡನೆಯದನ್ನು ಕೇಳಿದರು.

"ಮಾಡುತ್ತೇನೆ" ಎಂದೆ. "ಅಡುಗೆ ಮಾಡುತ್ತೇನೆ. ನನ್ನ ತಂದೆ ಸೈನ್ಯದಲ್ಲಿ ಅಡುಗೆಯವರಾಗಿದ್ದರು."

ಆಕೆ ತಲೆಯೆತ್ತಿದರು. "ನನಗೆ ಈ ವಾರ ಮೂವತ್ತು ಜನ ಯೆಸ್ ಎಂದರು. ಏನು ಮಾಡುತ್ತೇನೆ ಎಂದು ಹೇಳಿದವರು ನೀವೊಬ್ಬರೇ" ಎಂದು ಒಂದು ಹಾಳೆ ಕೊಟ್ಟರು. ಹೇಳಿದ್ದನ್ನೆಲ್ಲ ಬರೆದು ಕೊಡಿ, ಮೇಲಿನವರು ನೋಡಿ ತೀರ್ಮಾನಿಸುತ್ತಾರೆ. ಆಗುತ್ತದೆ ಎಂದೂ ಹೇಳಲಿಲ್ಲ, ಆಗುವುದಿಲ್ಲ ಎಂದೂ ಹೇಳಲಿಲ್ಲ.

ಆಮೇಲಿನ ಮೂರು ವಾರ ನಾನು ಮಾಡಿದ ರೊಟ್ಟಿಗಳು ಎಷ್ಟು ಹೊತ್ತಿಹೋದವೋ ದೇವರಿಗೇ ಗೊತ್ತು. ಯಜಮಾನರು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಟಪಾಲು ಡಬ್ಬಿ ತೆರೆದು ನೋಡುತ್ತಿದ್ದರು, ‘ನಾ ಹೇಳಿದ್ದೆ’ ಎಂದು ಮಾತ್ರ ಒಮ್ಮೆಯೂ ಅನ್ನಲಿಲ್ಲ. ಅದಕ್ಕಾಗಿ ಅವರ ಹಳೆಯ ತಪ್ಪುಗಳಲ್ಲಿ ಅರ್ಧವನ್ನು ಮಾಫಿ ಮಾಡಿದ್ದೇನೆ. ಅಂಕಲ್ ಒಂದು ಸಂಜೆ ನಡೆದುಕೊಂಡು ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತರು. "ನೀವು ಅವತ್ತು ಬೈದಿದ್ದು ಸರಿ ಕಣಮ್ಮಾ. ಆ ಕಾಗದ ಬಂದಮೇಲೆ ನ್ಯೂಸಲ್ಲಿ ಸೈನಿಕರನ್ನ ತೋರಿಸಿದ್ರೆ ಎಲ್ಲಾ ಮುಖನೂ ನಮ್ಮ ಹುಡುಗನ ಥರಾನೇ ಕಾಣ್ಸುತ್ತೆ. ಆ ಕಡೆಯವರದ್ದೂ" ಎಂದರು. ನಾನು ಅವರಿಗೆ ಬಿಸಿ ರೊಟ್ಟಿ ಹಾಕಿ, ಅಪ್ಪನ ವಿಷಯ ಹೇಳಿದೆ. ಅವರು ಉಣ್ಣುವುದನ್ನು ನಿಲ್ಲಿಸಿ ಪೂರ್ತಿ ಕೇಳಿದರು. ಮುಂದಿನ ಶನಿವಾರದಿಂದ ಕ್ಲಾಸಿನಲ್ಲಿ ಬೆರಳೆಣಿಕೆ ನಿಂತಿದೆ. ಈಗ ಪ್ರಶ್ನೆ ಏನು ಎಂದು ವಿವರಿಸುತ್ತಾರೆ, ನೀವು ಏನಂತೀರಾ ಎಂದು ಒಬ್ಬೊಬ್ಬರನ್ನೂ ಕೇಳುತ್ತಾರೆ. ಕೋಡುಬಳೆ ಖಾಲಿಯಾದರೂ ವಾದ ಮುಗಿಯುವುದಿಲ್ಲ.

ಟಪಾಲು ಬಂದಾಗ ಯಜಮಾನರು ಓದಲಾರದೆ ನನ್ನ ಕೈಗೇ ಕೊಟ್ಟರು. ಒಪ್ಪಿದ್ದರು.

ಪ್ರಮಾಣವಚನದ ದಿನ ದೊಡ್ಡ ಸಭಾಂಗಣದಲ್ಲಿ ನೂರಾರು ಜನ, ಎಷ್ಟೋ ದೇಶದವರು, ಮದುವೆಗೆ ಬಂದವರ ಹಾಗೆ ಸಿಂಗರಿಸಿಕೊಂಡಿದ್ದರು. ನಾನು ಇಳಕಲ್ ಸೀರೆ ಉಟ್ಟಿದ್ದೆ. ಹಿಂದಿನ ಗ್ಯಾಲರಿಯಲ್ಲಿ ಯಜಮಾನರು, ಆಸ್ಟಿನ್‌ನಿಂದ ಬಂದ ಮಗಳು, ಟೈ ಕಟ್ಟಿಕೊಂಡ ಅಂಕಲ್. ವೇದಿಕೆಯ ಮೇಲಿದ್ದವರು ಒಂದೊಂದೇ ಸಾಲು ಹೇಳುತ್ತಾ ಹೋದರು, ನಾವು ಬಲಗೈ ಎತ್ತಿ ಹೇಳುತ್ತಾ ಹೋದೆವು. ಆಯುಧದ ಸಾಲು ಬಂತು. ನಾನು ಬಾಯಿ ಮುಚ್ಚಿದೆ. ಪಕ್ಕದಲ್ಲಿದ್ದ ವಯಸ್ಸಾದ ವಿಯೆಟ್ನಾಮಿನವರು, ಪಾಪ, ಈಕೆಗೆ ಜಾಗ ತಪ್ಪಿತು ಎಂದುಕೊಂಡು ನನ್ನ ಕಾಗದದ ಮೇಲೆ ಬೆರಳಿಟ್ಟು ತೋರಿಸಿದರು, ಇಲ್ಲಿ, ಇಲ್ಲಿ. ನಾನು ಗೊತ್ತು ಎಂದು ತಲೆಯಾಡಿಸಿದೆ. ಅಷ್ಟು ದೊಡ್ಡ ದನಿಗಳ ನಡುವೆ ಸುಮ್ಮನೆ ನಿಂತದ್ದಕ್ಕೆ ನನಗೆ ನಾಚಿಕೆ ಆಗಲಿಲ್ಲ. ಮುಂದಿನ ಸಾಲು ಬಂತು. ಕಾನೂನು ಕೇಳಿದರೆ ಆಯುಧವಿಲ್ಲದೆ ಸೈನ್ಯದಲ್ಲಿ ಸೇವೆ ಮಾಡುತ್ತೇನೆ. ನಾನು ಎಷ್ಟು ಗಟ್ಟಿಯಾಗಿ ಹೇಳಿದೆನೆಂದರೆ ಪಕ್ಕದವರು ಬೆಚ್ಚಿದರು, ಮುಂದಿನ ಸಾಲಿನವರು ತಿರುಗಿ ನೋಡಿದರು.

ಹೊರಗೆ ಬಂದಾಗ ಮತದಾರರ ಪಟ್ಟಿಗೆ ಹೆಸರು ಸೇರಿಸುವವರು ಮೇಜು ಹಾಕಿಕೊಂಡು ಕೂತಿದ್ದರು. ನಿಂತಲ್ಲೇ ಫಾರ್ಮು ತುಂಬಿದೆ, ಯಾರ ಕೈಯಲ್ಲೂ ಟಿಕ್ ಮಾಡಿಸಲಿಲ್ಲ. ಮಗಳು ನನ್ನನ್ನು ಅಪ್ಪಿಕೊಂಡು ನಗುತ್ತಿದ್ದಳು. ಎಂದೂ ಇಂಗ್ಲಿಷ್ ಬಿಡದವಳು ಅವತ್ತು ಕನ್ನಡದಲ್ಲೇ ಕೇಳಿದಳು.

"ಅಮ್ಮಾ, ಯಾಕೆ ಅಷ್ಟು ಜೋರಾಗಿ ಕೂಗಿದೆ? ಗ್ಯಾಲರಿಗೆಲ್ಲಾ ಕೇಳಿಸ್ತು."

"ನಿಮ್ಮಜ್ಜಗ ಒಂದು ಕಿವಿ ಪೂರಾ ಮಂದ ಇತ್ತು" ಎಂದೆ. "ಊಟ ಮುಟ್ಟಿಸೋವಾಗ ಮಗ್ಗಲದಾಗ ಶೆಲ್ ಬಿದ್ದಿತ್ತು. ಜೋರ ಹೇಳಲಿಲ್ಲಂದ್ರ ಅವರಿಗೆ ಕೇಳ್ತಿರಲಿಲ್ಲ."